ಒಂಬತ್ತಕ್ಕೆ ಸರಿ, ಮೂವತ್ತೆರಡಕ್ಕೆ ಬೇಡ

ನಮ್ಮವರು ತೀರಿಕೊಂಡ ಮೇಲೆ ಅವರ ಆಸ್ಪತ್ರೆಯಿಂದ ನನಗೊಂದು ಪ್ರಶಸ್ತಿ ಪತ್ರ ಬಂತು. ಗಾಜು ಹಾಕಿಸಿದ್ದರು, ಅಂಚಿಗೆ ಚಿನ್ನದ ಬಣ್ಣ ಬಳಿದಿದ್ದರು. 'ಅನುಪಮ ಸೇವೆ' ಎಂದು ಬರೆದಿತ್ತು. ಇಪ್ಪತ್ತಮೂರು ವರ್ಷ ನೆಲಮಾಳಿಗೆಯಲ್ಲಿ ಕೂತವರ ಸೇವೆ ಅನುಪಮ ಎಂದು ಮೇಲಿನವರಿಗೆ ಗೊತ್ತಾಗಬೇಕಾದರೆ ಅವರು ಸಾಯಬೇಕಾಯಿತು. ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಒಂದು ಗಾಜು ಒಡೆದು ಎರಡು ವರ್ಷವಾಗಿತ್ತು. ಹಾಕಿಸುತ್ತೇನೆ, ಹಾಕಿಸುತ್ತೇನೆ ಎನ್ನುತ್ತಲೇ ಇವರು ಹೋಗಿಬಿಟ್ಟರು. ಪತ್ರವನ್ನು ಅಲ್ಲಿಟ್ಟು ನೋಡಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಈಗ ಗಾಳಿ ಬರುವುದಿಲ್ಲ. ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಇವರು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ಕೋಣೆ ಎಂದರೆ ಏನೋ ಅಂದುಕೊಳ್ಳಬೇಡಿ. ಹಿಂದೆ ಮುರಿದ ಮಂಚಗಳನ್ನು ಪೇರಿಸಿಡುತ್ತಿದ್ದ ಜಾಗ ಅದು. ಪಕ್ಕದಲ್ಲಿ ಬಟ್ಟೆ ಒಗೆಯುವ ವಿಭಾಗ. ಗೋಡೆಯ ಆಚೆ ಯಂತ್ರ ತಿರುಗಿದರೆ ಈಚೆ ಇವರ ಮೇಜು ನಡುಗುತ್ತಿತ್ತು. ಆ ಯಂತ್ರ ತಿರುಗಿಸುವವಳು ನನ್ನ ನಾದಿನಿ, ಇವರ ತಂಗಿ. ಒಬ್ಬಳು ಹಾಸಿಗೆಯ ಬಟ್ಟೆ ಒಗೆದಳು, ಒಬ್ಬರು ಹಾಸಿಗೆಯ ಮೇಲೆ ಯಾರಿದ್ದಾರೆಂದು ಬರೆದಿಟ್ಟರು. ಅಣ್ಣ ತಂಗಿ ಒಂದೇ ಗೋಡೆಯ ಎರಡು ಬದಿ ಸವೆಸಿದರು.

ಮಾತು ಕಮ್ಮಿ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಅಳಿಯನಿಗೆ ಹಲ್ಲುನೋವಾ ಎಂದು ಕೇಳಿದ್ದಳು. ಇದ್ದದ್ದು ಎರಡು ಸ್ವೆಟರ್, ಎರಡೂ ಬೂದು. ನಲ್ಲಿ ಸೋರಿದರೆ ಕೆಳಗೆ ಬಕೆಟ್ ಇಡುವರು, ಬಕೆಟ್ ತುಂಬಿದರೆ ದೊಡ್ಡ ಬಕೆಟ್ ಇಡುವರು. ಇಂಥವರ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆದದ್ದು ಆಸ್ಪತ್ರೆಯ ತನಿಖಾ ವರದಿ ಒಂದೇ. ಅದೂ ಸುಳ್ಳು. ಅದಕ್ಕೇ ನಾನು ಬರೆಯಲು ಕೂತಿದ್ದೇನೆ.

ಮೊದಲು ಅವರ ಕೆಲಸ ಏನೆಂದು ಹೇಳಬೇಕು. ನಾನು ಓದಿದ್ದು ಐದನೇ ತರಗತಿ. ನನಗೇ ಅರ್ಥವಾದ ಮೇಲೆ ಯಾರಿಗಾದರೂ ಆಗುತ್ತದೆ.

ಆಸ್ಪತ್ರೆಯ ಪ್ರೋಗ್ರಾಂನಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಕ್ಲಾಸ್ ಇರುತ್ತದೆ. ಔಷಧಿಗೆ ಒಂದು, ವೈದ್ಯರಿಗೆ ಒಂದು, ಹಾಸಿಗೆಗೆ ಒಂದು. ಹಾಸಿಗೆಯ ಕ್ಲಾಸಿನೊಳಗೆ ನಲವತ್ತೊಂದು ಕೆಲಸ. ಅವಕ್ಕೆ ಮೆಥಡ್ ಎನ್ನುತ್ತಾರೆ. ಖಾಲಿ ಹಾಸಿಗೆ ಇದೆಯೇ ಎಂದು ಹೇಳುವುದು ಒಂದು ಮೆಥಡ್. ರೋಗಿಯನ್ನು ಹಾಸಿಗೆಗೆ ಸೇರಿಸುವುದು ಒಂದು. ಹಾಸಿಗೆ ಖಾಲಿ ಮಾಡುವುದು ಇನ್ನೊಂದು. ಮೊದಲು ಇವೆಲ್ಲ ಆಸ್ಪತ್ರೆಯ ಒಳಗಿನವರಿಗೆ ಮಾತ್ರ ಇದ್ದವು. ಆಮೇಲೆ ಹೊರಗಿನವರಿಗೂ ಬೇಕೆನಿಸಿತು. ಆಂಬುಲೆನ್ಸ್ ಕಂಪನಿಯ ಕಂಪ್ಯೂಟರು ಫೋನ್ ಗೀನ್ ಇಲ್ಲದೆ ನೇರವಾಗಿ ಇವರ ಕಂಪ್ಯೂಟರನ್ನೇ ಕೇಳಬೇಕಂತೆ. ಹಾಗೆ ಹೊರಗಿನವರು ಕರೆಯಲಿ ಎಂದು ತೆರೆದಿಟ್ಟ ಮೆಥಡ್ಡಿಗೆ ವೆಬ್ ಸರ್ವಿಸ್ ಎಂದು ಹೆಸರು.

ತೆರೆಯುವುದು ಕಷ್ಟವಲ್ಲ. ಆಸ್ಪತ್ರೆಯವರು ಒಂದು ಫ್ರೇಮ್‌ವರ್ಕ್ ತರಿಸಿದ್ದರು. ಅದು ಸಿದ್ಧವಾಗಿ ಸಿಗುವ ಚೌಕಟ್ಟು, ಅದರೊಳಗೆ ಇವರು ಬರೆದದ್ದನ್ನು ಕೂರಿಸುವುದು. ಯಾವ ಮೆಥಡ್ಡಿನ ತಲೆಯ ಮೇಲೆ ಒಂದು ಸಾಲಿನ ಗುರುತು ಹಾಕುತ್ತೀರೋ ಅದು ಹೊರಕ್ಕೆ ತೆರೆದುಕೊಳ್ಳುತ್ತದೆ. ಉಳಿದದ್ದೆಲ್ಲ ಚೌಕಟ್ಟೇ ನೋಡಿಕೊಳ್ಳುತ್ತದೆ. ಅದೇ ಗುರುತನ್ನು ಇಡೀ ಕ್ಲಾಸಿನ ತಲೆಗೆ ಹಾಕಿದರೆ ಒಂದೇ ಏಟಿಗೆ ನಲವತ್ತೊಂದೂ ತೆರೆದುಕೊಳ್ಳುತ್ತವೆ.

ಎರಡು ನಿಮಿಷದ ಕೆಲಸ ಎಂದು ನಗುಮುಖ ಹೇಳಿದ್ದ. ನಗುಮುಖ ಎಂದರೆ ಇವರ ಮೇಲಧಿಕಾರಿ. ಅದು ನಾವು ಮನೆಯಲ್ಲಿ ಇಟ್ಟುಕೊಂಡ ಹೆಸರು. ಆತ ಕೆಟ್ಟ ಸುದ್ದಿ ಹೇಳುವಾಗಲೂ ಹಲ್ಲು ಬಿಡುತ್ತಿದ್ದ.

ಆ ಎರಡು ನಿಮಿಷದ ಕೆಲಸಕ್ಕೆ ಇವರು ನಾಲ್ಕು ತಿಂಗಳು ತೆಗೆದುಕೊಂಡರು. ಅದರಲ್ಲಿ ಅರ್ಧ ನಡೆದದ್ದು ನನ್ನ ಅಡಿಗೆಮನೆಯಲ್ಲಿ.

ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಇವರು ಮೇಜಿನ ಮೇಲೆ ಹನ್ನೆರಡು ಬೆಂಕಿಪೊಟ್ಟಣ ಜೋಡಿಸುತ್ತಿದ್ದರು. ಅವು ಹಾಸಿಗೆಗಳು. ನನ್ನ ಹೊಲಿಗೆ ಡಬ್ಬಿಯಿಂದ ಗುಂಡಿಗಳನ್ನು ತೆಗೆದು ಮೇಲಿಡುತ್ತಿದ್ದರು. ಅವು ರೋಗಿಗಳು. ಆಮೇಲೆ ನನ್ನನ್ನು ನಡುಮನೆಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದು ಇತ್ತು. ಅದನ್ನೂ ಸರಿಮಾಡಿಸಿರಲಿಲ್ಲ, ಅದು ಬೇರೆ ಮಾತು.

"ನೀನೀಗ ಹೊರಗಿನವಳು. ಒಳಗೇನಿದೆ ಅಂತ ನಿನಗೆ ಕಾಣಲ್ಲ. ಚೀಟಿಯಲ್ಲಿ ಬರ್ದು ಕೇಳು. ನಾನೂ ಚೀಟಿಯಲ್ಲೇ ಹೇಳ್ತೀನಿ," ಅನ್ನುವರು.

ನಾನು ಸ್ಟೂಲಿನ ಮೇಲೆ ಕೂತು, ಅವರು ಕೊಟ್ಟ ಪಟ್ಟಿ ನೋಡಿ ಒಂದೊಂದೇ ಕೇಳಿ ಬರೆದು ಬಾಗಿಲ ಕೆಳಗೆ ತಳ್ಳುತ್ತಿದ್ದೆ. ಮಹಡಿ ಮೇಲಿನವಳು ಒಂದು ಸಲ ಸಕ್ಕರೆ ಕೇಳಲು ಬಂದು ನೋಡಿ, ಗಂಡ ಹೆಂಡತಿ ಮಾತು ಬಿಟ್ಟು ಎಷ್ಟು ದಿನವಾಯಿತು ಎಂದು ಕನಿಕರದಿಂದ ಕೇಳಿದಳು. ಮದುವೆಯಾದಾಗಿನಿಂದ ಎಂದೆ.

ನನ್ನನ್ನೇ ಯಾಕೆ ಕೂರಿಸುತ್ತೀರಿ, ನಿಮ್ಮ ಆಫೀಸಿನಲ್ಲಿ ಓದಿದವರು ಬೇಕಾದಷ್ಟಿದ್ದಾರಲ್ಲ ಎಂದು ಕೇಳಿದ್ದೆ. ಅವರೆಲ್ಲ ಒಳಗೇನಿದೆಯೆಂದು ಗೊತ್ತಿಟ್ಟುಕೊಂಡೇ ಕೇಳುತ್ತಾರೆ, ನೀನು ಗೊತ್ತಿಲ್ಲದೆ ಕೇಳುತ್ತೀಯ ಎಂದರು. ಹೊಗಳಿಕೆಯೋ ತೆಗಳಿಕೆಯೋ ಅವರಿಗೇ ಗೊತ್ತು.

ಒಂದು ಭಾನುವಾರ ನಾನು ಆಂಬುಲೆನ್ಸ್. ಖಾಲಿ ಹಾಸಿಗೆ ಇದೆಯೇ ಎಂದು ಬರೆದು ತಳ್ಳಿದೆ. ಇಲ್ಲ ಎಂದು ಬಂತು. ಮತ್ತೆ ಕೇಳಿದೆ. ಇಲ್ಲ. ಬೆನ್ನು ನೋಯುತ್ತಿತ್ತು, ಬೇಗ ಮುಗಿದರೆ ಸಾಕಾಗಿತ್ತು. ಪಟ್ಟಿಯ ಮೇಲೆ ಬೆರಳಾಡಿಸಿದೆ. 'ಹಾಸಿಗೆ ಖಾಲಿ ಮಾಡು' ಎಂದು ಒಂದಿತ್ತು. ನಾಲ್ಕನೇ ಹಾಸಿಗೆ ಖಾಲಿ ಮಾಡು ಎಂದು ಬರೆದು ತಳ್ಳಿದೆ. ಆಯಿತು ಎಂದು ಚೀಟಿ ಬಂತು. ಖಾಲಿ ಹಾಸಿಗೆ ಇದೆಯೇ? ಇದೆ, ನಾಲ್ಕನೆಯದು.

ನನಗೆ ನಗು ತಡೆಯಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ. ಇವರು ಕಂದು ಬಣ್ಣದ ಗುಂಡಿಯೊಂದನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದರು.

"ರೀ, ಅದರಲ್ಲಿ ಮಲಗಿದ್ದೋರು ಎಲ್ಲಿಗೆ ಹೋದ್ರು?"

"ಎಲ್ಲಿಗೂ ಹೋಗಿಲ್ಲ. ಅಲ್ಲೇ ಮಲಗಿದಾರೆ."

"ಮತ್ತೆ ಖಾಲಿ ಅಂತ ಬರ್ದು ಕೊಟ್ರಿ?"

"ನೀನು ಮಾಡು ಅಂದೆ, ಮಾಡ್ದೆ. ಕಂಪ್ಯೂಟರ್ ಮಾಡೋದೂ ಅಷ್ಟೇ."

"ಬೀದಿಯಲ್ಲಿ ನಿಂತವಳು ಹೇಳಿದ್ಲು ಅಂತ ಒಳಗೆ ಮಲಗಿರೋರನ್ನ ಎಬ್ಬಿಸಿಬಿಡೋದಾ? ಚೆನ್ನಾಗಿದೆ ನಿಮ್ಮ ಆಸ್ಪತ್ರೆ."

ಇವರು ಗುಂಡಿಯನ್ನು ಬೆಂಕಿಪೊಟ್ಟಣದ ಮೇಲೆ ವಾಪಸ್ಸಿಟ್ಟರು. ನೋಟ್‌ಬುಕ್ ನನ್ನ ಕಡೆ ತಳ್ಳಿದರು.

"ನೀನೇ ಬರಿ."

ಬೇಡ ಎಂದು ಬರೆದೆ. ಅದರ ಕೆಳಗೆ ಕಾರಣವನ್ನು ಅವರು ಬರೆದರು. 'ಹಾಸಿಗೆಯನ್ನು ಕಣ್ಣಾರೆ ನೋಡಿದವರು ಮಾತ್ರ ಖಾಲಿ ಮಾಡಬೇಕು.'

ನಲವತ್ತೊಂದಕ್ಕೂ ಹೀಗೇ. ಒಂಬತ್ತಕ್ಕೆ ಸರಿ ಎಂದು ಬರೆದೆ, ಮೂವತ್ತೆರಡಕ್ಕೆ ಬೇಡ ಎಂದೆ. ಉತ್ತರವೆಲ್ಲ ನನ್ನ ಕಾಗೆಕಾಲು ಗುಬ್ಬಿಕಾಲು, ಕಾರಣವೆಲ್ಲ ಅವರ ಮುತ್ತಿನಂಥ ಅಕ್ಷರ. ಆ ಒಂಬತ್ತರ ತಲೆಗೆ ಮಾತ್ರ ಇವರು ಗುರುತು ಹಾಕಿದರು. ನಗುಮುಖನಿಗೆ ಸಮಾಧಾನವಿಲ್ಲ. ಬೇರೆಯವರಾಗಿದ್ದರೆ ಎಲ್ಲವನ್ನೂ ತೆರೆದಿಡುತ್ತಿದ್ದರು, ನೀವು ಬಹಳ ಹಿಂದುಳಿದವರು ಎಂದನಂತೆ, ನಗುತ್ತಾ. ಒಂದು ವರ್ಷ ಆ ಒಂಬತ್ತು ಕೆಲಸ ನಡೆದವು. ಏನೂ ಎಡವಟ್ಟಾಗಲಿಲ್ಲ. ಎಡವಟ್ಟಾಗದಿದ್ದರೆ ಯಾರೂ ಹೊಗಳುವುದಿಲ್ಲ, ಯಾರಿಗೂ ಕಾಣುವುದೇ ಇಲ್ಲ.

ಆಮೇಲೆ ಒಂದು ಬೆಳಗ್ಗೆ ನೆಲಮಾಳಿಗೆಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತರು. ಐವತ್ತೊಂದು ವಯಸ್ಸು. ಮೇಲಿನ ವಾರ್ಡಿನಲ್ಲಿ ಮೂರು ದಿನ ಇದ್ದರು. ಹದಿನಾಲ್ಕನೇ ಹಾಸಿಗೆ. ಏಳನೇ ತಾರೀಖು, ಮಂಗಳವಾರ, ಹತ್ತೂವರೆಗೆ ಹೋದರು. ನರ್ಸ್ ಬಂದಳು. ಮಣಿಕಟ್ಟು ಹಿಡಿದು ನೋಡಿದಳು. ಗಡಿಯಾರ ನೋಡಿದಳು. ಹೊದಿಕೆಯನ್ನು ಮುಖದವರೆಗೆ ಎಳೆದಳು. ಆಮೇಲೆ ಗೋಡೆಯ ಪಕ್ಕದ ಕಂಪ್ಯೂಟರಿಗೆ ಹೋಗಿ ಒತ್ತಿದಳು. ಹದಿನಾಲ್ಕು, ಖಾಲಿ ಎಂದು ಬಂದದ್ದು ನನಗೆ ಕಂಡಿತು. ನಾನು ಅಳಲಿಲ್ಲ. ನೋಡಿ ಒತ್ತಿದಳು, ಸರಿಯಾಗಿ ಮಾಡಿದಳು ಅಂದುಕೊಂಡೆ. ಅಳು ಬಂದದ್ದು ಮನೆಗೆ ಬಂದು ಸೋರುವ ನಲ್ಲಿಯ ಕೆಳಗೆ ದೊಡ್ಡ ಬಕೆಟ್ ನೋಡಿದಾಗ.

ಎರಡು ತಿಂಗಳಾಗಿತ್ತು. ನಾದಿನಿ ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದಳು. ಹಿಂದಿನ ವಾರ ಒಂದು ದಿನ ಆಸ್ಪತ್ರೆಯಲ್ಲಿ ಹನ್ನೊಂದು ಜನ ಮಲಗಿದ್ದಲ್ಲೇ ಮಾಯವಾಗಿದ್ದರು. ಕಂಪ್ಯೂಟರು ಅವರ ಹಾಸಿಗೆಗಳನ್ನು ಖಾಲಿ ಎಂದು ತೋರಿಸಿತು. ಖಾಲಿ ಹಾಸಿಗೆಗೆ ಊಟ ಬರಲಿಲ್ಲ, ಮಾತ್ರೆ ಬರಲಿಲ್ಲ. ಹಾಸಿಗೆ ಬಟ್ಟೆ ಬಿಚ್ಚುವವರು ಪಟ್ಟಿ ಹಿಡಿದು ಬಂದರು. ಒಬ್ಬ ಅಜ್ಜಿ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಾನಿನ್ನೂ ಇದೀನಿ ಕಣಪ್ಪ, ಸರಿಯಾಗಿ ನೋಡು," ಎಂದಳಂತೆ. ಇಲ್ಲಿ ಖಾಲಿ ಅಂತಿದೆಯಲ್ಲ ಅಜ್ಜಿ ಎಂದು ಅವನು ಪಟ್ಟಿ ತೋರಿಸಿದನಂತೆ. ಮನುಷ್ಯರು ಕಣ್ಣೆದುರಿಗಿದ್ದರೂ ಪಟ್ಟಿ ನೋಡುವ ಜನ. ಸಕ್ಕರೆ ಕಾಯಿಲೆಯ ಒಬ್ಬರಿಗೆ ಇಂಜೆಕ್ಷನ್ ತಪ್ಪಿ ಪ್ರಜ್ಞೆ ಹೋಯಿತು. ಸಂಜೆ ಹೊತ್ತಿಗೆ ಬಂತು, ಪುಣ್ಯ.

ಆಗಿದ್ದಿಷ್ಟು. ಯಾರೋ ಕ್ಲಾಸಿನ ತಲೆಗೇ ಗುರುತು ಹಾಕಿ ನಲವತ್ತೊಂದನ್ನೂ ತೆರೆದಿದ್ದರು. ಆಂಬುಲೆನ್ಸ್ ಕಂಪನಿಯ ಜಾಣನೊಬ್ಬ ಪಟ್ಟಿ ನೋಡಿದ. ಖಾಲಿ ಹಾಸಿಗೆ ಕೇಳು, ಇಲ್ಲದಿದ್ದರೆ ಖಾಲಿ ಮಾಡು ಎಂದು ತನ್ನ ಪ್ರೋಗ್ರಾಂಗೆ ಹೇಳಿಕೊಟ್ಟ. ನಾನು ಸ್ಟೂಲಿನ ಮೇಲೆ ಕೂತು ಬೆನ್ನುನೋವಿಗೆ ಮಾಡಿದ್ದನ್ನೇ ಅವನು ಸಂಬಳ ತೆಗೆದುಕೊಂಡು ಮಾಡಿದ.

ಆದರೆ ವರದಿಯಲ್ಲಿ ಬರುತ್ತಿರುವುದು ಬೇರೆ ಎಂದಳು ನಾದಿನಿ. 'ದಿವಂಗತ ಸಿಬ್ಬಂದಿಯೊಬ್ಬರು ಮುಂದಾಲೋಚನೆಯಿಲ್ಲದೆ ಎಲ್ಲವನ್ನೂ ತೆರೆದಿಟ್ಟ ಕಾರಣ.' ಒಗೆಯುವವರೆಲ್ಲ ಅವಳನ್ನು ಕೇಳುತ್ತಿದ್ದಾರಂತೆ, ನಿಮ್ಮಣ್ಣ ಇದೇನಮ್ಮ ಮಾಡಿಟ್ಟು ಹೋದ ಎಂದು.

"ಬಿಡಿ ಅತ್ತಿಗೆ. ಹೋದೋರಿಗೆ ಏನಂತೆ," ಎಂದಳು. ಕಣ್ಣು ಮಾತ್ರ ಬೇರೆ ಹೇಳುತ್ತಿತ್ತು.

"ಹೋದೋರಿಗೆ ಏನೂ ಇಲ್ಲ. ನಾನಿನ್ನೂ ಇದೀನಲ್ಲ."

ಇಪ್ಪತ್ತಮೂರು ವರ್ಷ ಆ ಮನುಷ್ಯ ಮಾಡಿದ್ದು ಒಂದೇ ಕೆಲಸ, ಬೇಡದ್ದನ್ನು ಮುಚ್ಚಿಡುವುದು. ಕೊನೆಗೆ ಎಲ್ಲ ತೆರೆದಿಟ್ಟು ಹೋದ ದಡ್ಡ ಎಂದು ಅವರ ಹೆಸರು ಉಳಿಯಬೇಕೇ? ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ತನಿಖೆಯ ದಿನ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ.

ಮೂರನೇ ಮಹಡಿ. ಗಾಜಿನ ಮೇಜು, ಸುತ್ತ ಐದು ಜನ, ಎಲ್ಲರ ಮಂಡಿಯೂ ಕಾಣುತ್ತದೆ. ಮಧ್ಯದಲ್ಲಿ ನಿವೃತ್ತಿಯಾದ ದೊಡ್ಡ ಡಾಕ್ಟರಮ್ಮ, ತನಿಖೆ ಮಾಡುವವರು. ಪಕ್ಕದಲ್ಲಿ ನಗುಮುಖ. ಕೊನೆಯ ಕುರ್ಚಿಯಲ್ಲಿ ಕನ್ನಡಕದವಳು. ಅವಳು ಇವರ ಪಕ್ಕದ ಮೇಜಿನಲ್ಲಿ ಆರು ವರ್ಷ ಕೂತವಳು, ನನ್ನ ಮುಖ ನೋಡದೆ ತನ್ನ ಉಗುರು ನೋಡುತ್ತಿದ್ದಳು.

ನಗುಮುಖನೇ ಮಾತು ಶುರುಮಾಡಿದ.

"ಅಮ್ಮ, ಅವರ ಮೇಲೆ ನಮಗೆಲ್ಲ ತುಂಬಾ ಗೌರವ. ಇದು ಬರೀ ಕಾಗದದ ವಿಷಯ. ಅವರಿಗೆ ಇದರಿಂದ ತೊಂದರೆ ಏನೂ ಆಗಲ್ಲ."

"ತೊಂದರೆ ಆಗಲ್ಲ ಅಂತಾನೇ ತಾನೇ ಅವರ ತಲೆಗೆ ಕಟ್ಟಿದ್ದು?"

ಡಾಕ್ಟರಮ್ಮ ಕೂರಲು ಹೇಳಿದರು. ನೋಟ್‌ಬುಕ್ ಮೇಜಿನ ಮೇಲಿಟ್ಟು ನಾಲ್ಕನೇ ಹಾಸಿಗೆಯ ಪುಟ ತೆಗೆದು ತೋರಿಸಿದೆ. ನಗುಮುಖ ಒಂದು ಬೆರಳಿನಲ್ಲಿ ಎರಡು ಹಾಳೆ ಮಗುಚಿದ, ಎಂಜಲು ತಟ್ಟೆ ಸರಿಸುವ ಹಾಗೆ. ಇದು ಮನೆಯಲ್ಲಿ ಗೀಚಿದ ಪುಸ್ತಕ, ದಾಖಲೆಯಲ್ಲ, ಅದೂ ಅಲ್ಲದೆ ಉತ್ತರಗಳನ್ನು ನೀವೇ ಬರೆದುಕೊಂಡಂತಿದೆ ಎಂದ. ದಾಖಲೆ ಎಂದರೆ ಇದು ಎಂದು ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದ. ಪ್ರೋಗ್ರಾಂನಲ್ಲಿ ಯಾರು ಏನು ಬದಲಾಯಿಸಿದರೂ ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಕ್ಲಾಸಿನ ತಲೆಗೆ ಗುರುತು ಹಾಕಿದ ಸಾಲಿನ ಎದುರಿಗೆ ಒಂದು ಹೆಸರು ಇತ್ತು.

ನಮ್ಮವರ ಹೆಸರೇ.

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನಾನೂ ಅವರನ್ನು ಅನುಮಾನಿಸಿದೆ. ಕೊನೆಕೊನೆಗೆ ಸೋತುಹೋಗಿ, ಹಾಳಾಗಿ ಹೋಗಲಿ ಎಂದು ಹಾಕಿಬಿಟ್ಟರೇನೋ ಅನಿಸಿತು. ನಾನು ಓದುವುದು ನಿಧಾನ, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡೇ ಓದುವುದು. ಹೆಸರಿನ ಮೇಲಿಂದ ಬೆರಳು ಮುಂದಕ್ಕೆ ಹೋಯಿತು. ಮುಂದೆ ತಾರೀಖು ಇತ್ತು. ಇಪ್ಪತ್ತಾರು. ತಿಂಗಳು ನೋಡಿದೆ. ಇವರು ಹೋದ ತಿಂಗಳೇ.

"ಡಾಕ್ಟರಮ್ಮ, ಇವರು ಹೋಗಿದ್ದು ಏಳನೇ ತಾರೀಖು. ನಿಮ್ಮ ಆಸ್ಪತ್ರೆಯಲ್ಲೇ, ಹದಿನಾಲ್ಕನೇ ಹಾಸಿಗೆ. ಅದು ಖಾಲಿಯಾಗಿದ್ದನ್ನೂ ಇದೇ ಕಂಪ್ಯೂಟರು ಬರ್ದಿಟ್ಟಿರುತ್ತೆ. ತೆಗೆಸಿ ನೋಡಿ. ಹತ್ತೊಂಬತ್ತು ದಿನ ಆದ್ಮೇಲೆ ಎದ್ದು ಬಂದು ಕೆಲಸ ಮಾಡೋಷ್ಟು ಒಳ್ಳೆಯವರು ಅವರೂ ಅಲ್ಲ."

ಐದು ಜನ ಓದಿದವರು ಆ ಹಾಳೆ ನೋಡಿದ್ದರು. ಹೆಸರು ಓದಿ ಸಾಕುಮಾಡಿದ್ದರು. ಬೇಕಾದದ್ದು ಸಿಕ್ಕ ಮೇಲೆ ಮುಂದೆ ಯಾರು ಓದುತ್ತಾರೆ?

ಡಾಕ್ಟರಮ್ಮ ಹಾಳೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ನಗುಮುಖನ ಹಲ್ಲುಗಳು ಒಳಗೆ ಹೋದದ್ದನ್ನು ಅವತ್ತೇ ನಾನು ನೋಡಿದ್ದು. ಲಾಗಿನ್ ಯಾರು ಉಪಯೋಗಿಸಿದರೋ ವಿಚಾರಿಸಬೇಕು, ಏನೋ ತಾಂತ್ರಿಕ ದೋಷವಿರಬಹುದು ಎಂದು ತಡವರಿಸಿದ.

"ನಾನೇ ಹಾಕಿದ್ದು ಮೇಡಂ," ಎಂದಳು ಕನ್ನಡಕದವಳು. ಉಗುರು ನೋಡುವುದನ್ನು ಬಿಟ್ಟಿದ್ದಳು. "ಆ ಕ್ಲಾಸ್ ಮುಟ್ಟೋ ಅಧಿಕಾರ ಅವರ ಲಾಗಿನ್‌ಗೆ ಮಾತ್ರ ಇತ್ತು. ಅದರಲ್ಲೇ ಮಾಡು ಅಂತ ಸರ್ ಹೇಳಿದ್ರು. ಒಂದೊಂದಕ್ಕೇ ಹಾಕ್ತಾ ಕೂತ್ಕೋಬೇಡ, ಮೇಲೆ ಒಂದು ಹಾಕಿ ಮುಗಿಸು ಅಂದ್ರು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ."

ವರದಿಯಿಂದ ಆ ಸಾಲನ್ನು ಡಾಕ್ಟರಮ್ಮ ನನ್ನೆದುರಿಗೇ ಹೊಡೆದುಹಾಕಿದರು. ಎರಡು ಸಲ ಗೀಟೆಳೆದರು. ಅಲ್ಲಿ ಯಾರ ಹೆಸರು ಬರಬೇಕು ಎಂದು ನಾನು ನೋಡಿಕೊಳ್ಳುತ್ತೇನೆ ಎಂದರು. ಅದು ನನಗೆ ಬೇಕಾಗಿರಲಿಲ್ಲ. ಕ್ಷಮೆ ಯಾರೂ ಕೇಳಲಿಲ್ಲ. ಚಹಾ ತರಿಸಿದರು. ಕುಡಿದೆ. ಬಿಟ್ಟುಬರಲು ನನಗೇನು ಹಟವೇ.

ಏಳುವಾಗ ಡಾಕ್ಟರಮ್ಮ ನಗುಮುಖನಿಗೆ, ಈಗ ಎಲ್ಲವನ್ನೂ ಮುಚ್ಚಿದ್ದೀರಿ, ಹಳೆಯ ಒಂಬತ್ತನ್ನು ಮತ್ತೆ ತೆರೆಯುವ ಮೊದಲು ಒಂದೊಂದನ್ನೂ ಪರಿಶೀಲಿಸಬೇಕು ಎಂದರು. "ಯಾವ ಒಂಬತ್ತು ಅಂತ ಕಂಪ್ಯೂಟರ್ ಹೇಳುತ್ತೆ. ಯಾಕೆ ಅಂತ ಹೇಳಲ್ಲ," ಎಂದರು. ನಗುಮುಖ ನನ್ನ ಕಡೆ ತಿರುಗಿದ. ಹಲ್ಲು ಮತ್ತೆ ಹೊರಗೆ ಬಂದಿತ್ತು.

"ಅಮ್ಮ, ಆ ದಾಖಲೆ ನಮಗೆ ಬೇಕಾಗಿತ್ತು."

"ಯಾವ ದಾಖಲೆ? ಇದು ಮನೆಯಲ್ಲಿ ಗೀಚಿದ್ದು."

ಕೊಡಲಿಲ್ಲ. ಕನ್ನಡಕದವಳನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದೆ. ಇಪ್ಪತ್ತಮೂರು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಇವರ ಕುರ್ಚಿಯ ಬೆನ್ನಿಗೆ ಒಂದು ಬೂದು ಸ್ವೆಟರ್ ನೇತಾಡುತ್ತಿತ್ತು. ಮನೆಯಲ್ಲಿ ಒಂದೇ ಯಾಕಿದೆ ಎಂದು ಎರಡು ತಿಂಗಳಿನಿಂದ ಹುಡುಕುತ್ತಿದ್ದೆ. ಕುರ್ಚಿಯಲ್ಲಿ ಕೂತೆ. ಒಂದೊಂದೇ ಪುಟ ಓದಿದೆ. ಸರಿ, ಯಾಕೆ. ಬೇಡ, ಯಾಕೆ. ಅವಳು ಆ ಕಾರಣಗಳನ್ನು ಒಂದೊಂದು ಮೆಥಡ್ಡಿನ ಮೇಲೂ ಬರೆದುಕೊಂಡಳು, ಇನ್ನು ಮುಂದೆ ಯಾರೇ ತೆಗೆದು ನೋಡಿದರೂ ಕಾಣುವ ಹಾಗೆ. ಎರಡು ಗಂಟೆ ಹಿಡಿಯಿತು. ನಡುವೆ ಅವಳು ಎರಡು ಸಲ ಕನ್ನಡಕ ಒರೆಸಿಕೊಂಡಳು. ನಾನು ಕಾಣದವಳ ಹಾಗೆ ಓದುತ್ತಾ ಹೋದೆ. ಬೈಯಬೇಕೆಂದು ಬಂದಿದ್ದೆ. ಮೇಲೆ ಕೂತವರನ್ನು ಬೈದು ಬೈದು ಮುಗಿದುಹೋಗಿತ್ತು.

ನಲವತ್ತೊಂದನೆಯದು ಮುಗಿದ ಮೇಲೆ ಅವಳು ತೆರೆಯ ಮೇಲೆ ಇನ್ನೊಂದು ಪುಟ ತೆಗೆದಳು.

"ಅಕ್ಕ, ಇನ್ನೊಂದು ಇದೆ. ಅವರ ಲಾಗಿನ್ ಇನ್ನೂ ಹಾಗೇ ಇದೆ. ಅದನ್ನ ಮುಚ್ಚಬೇಕು. ನನ್ನ ಕೈಯಲ್ಲಿ ಆಗ್ತಿಲ್ಲ."

ತೆರೆಯ ಮೇಲೆ ಇವರ ಹೆಸರಿತ್ತು. ಕೆಳಗೆ ಒಂದು ಪ್ರಶ್ನೆ. ಈ ಸಿಬ್ಬಂದಿ ಈಗ ಇಲ್ಲವೇ? ಹೌದು. ಅಲ್ಲ.

"ಸ್ವಲ್ಪ ಸರಿದು ಕೂತ್ಕೋಮ್ಮ. ನೋಡಿದವಳು ನಾನು," ಎಂದೆ.

ಎಲ್ಲಿ ಒತ್ತಬೇಕೆಂದು ತೋರಿಸಿದಳು. ಒತ್ತಿದೆ. ಗೋಡೆಯ ಆಚೆ ನಾದಿನಿ ಯಂತ್ರ ತಿರುಗಿಸಿದಳು, ಮೇಜು ನಡುಗತೊಡಗಿತು. ಸ್ವೆಟರ್ ತೆಗೆದು ನೋಟ್‌ಬುಕ್ಕಿನ ಮೇಲೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ.